ಪ್ರಲೋಭನೆಯ ಮುಖ ಯಾರದು?

ಒಳಿತಿಗೂ ಕೆಡುಕಿಗೂ ಮೈಯಿಲ್ಲ. ದಾನ ಮಾಡುವವನನ್ನು ನಾವು ಕಾಣಬಲ್ಲೆವು, ದಾನಗುಣವನ್ನು ಕಾಣಲಾರೆವು. ಹೊಟ್ಟೆಕಿಚ್ಚಿನಲ್ಲಿ ಬೇಯುವವನ ಮುಖ ಕಾಣುತ್ತದೆ, ಹೊಟ್ಟೆಕಿಚ್ಚು ಕಾಣುವುದಿಲ್ಲ. ಆದರೂ ಕಾಣದ್ದನ್ನು ಕಣ್ಣಿಗೆ ಕಾಣುವಂತೆ ಮಾಡಬೇಕೆಂಬ ಹಂಬಲ ಮನುಷ್ಯನಿಗೆ ಮೊದಲಿನಿಂದಲೂ ಇದೆ. 14ರಿಂದ 17ನೇ ಶತಮಾನದವರೆಗೆ ಯುರೋಪಿನ ಚಿತ್ರಕಾರರು ಚರ್ಚುಗಳಲ್ಲಿ, ನಗರಸಭೆಯ ಕಟ್ಟಡಗಳಲ್ಲಿ, ಶ್ರೀಮಂತರ ಅರಮನೆಗಳಲ್ಲಿ ಸದ್ಗುಣ ದುರ್ಗುಣಗಳಿಗೆ ಮನುಷ್ಯರೂಪ ಕೊಟ್ಟು ಬರೆದರು. ನ್ಯಾಯ, ದಯೆ, ಸಂಯಮ, ಅಸೂಯೆ, ಕ್ರೋಧ, ವಿಲಾಸ ಇವೆಲ್ಲ ಅಲ್ಲಿ ಉಡುಪು ತೊಟ್ಟು, ತಮ್ಮ ತಮ್ಮ ಗುರುತುಗಳನ್ನು ಕೈಯಲ್ಲಿ ಹಿಡಿದು ನಿಂತಿವೆ. ಇವನ್ನು ರೂಪಕ ಚಿತ್ರಗಳೆಂದು ಕರೆಯಬಹುದು.

ಗೋಡೆಗಳ ಮೇಲೆ ಮನುಷ್ಯರ ಚಿತ್ರದ ಬದಲು ಅಕ್ಷರಗಳನ್ನು ತೂಗುಹಾಕುವ ಮನೆಗಳಲ್ಲಿ ಬೆಳೆದ ನಮ್ಮಂಥವರಿಗೆ ಈ ಚಿತ್ರಗಳು ಚಿತ್ರಗಳಿಗಿಂತ ಹೆಚ್ಚಾಗಿ ದೃಷ್ಟಾಂತ ಕತೆಗಳಂತೆ ಕಾಣುತ್ತವೆ. ಕತೆಯನ್ನು ಓದುವ ಹಾಗೆಯೇ ಅವನ್ನು ಓದಬಹುದು. ಹಾಗೆ ಓದುವಾಗ ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗುವುದಿಲ್ಲ. ಪ್ರಲೋಭನೆಗೆ ಮುಖ ಬೇಕಾದಾಗ ಚಿತ್ರಕಾರ ಅದನ್ನು ಯಾರಿಂದ ಎರವಲು ತಂದ? ಹಾಗೆ ಎರವಲು ಕೊಟ್ಟವರ ಗತಿ ಏನಾಯಿತು?

ಮೊದಲು ಹರ್ಕ್ಯುಲಿಸನ ಕತೆಯನ್ನು ನೋಡೋಣ. ಕ್ರಿ.ಪೂ. 5ನೇ ಶತಮಾನದ ಪ್ರೋಡಿಕಸ್ ಎಂಬ ಗ್ರೀಕ್ ಚಿಂತಕ ಹೇಳಿದ ಕತೆಯೆಂದು ಇದನ್ನು ಸಾಕ್ರಟೀಸನ ಶಿಷ್ಯ ಕ್ಸೆನೊಫೋನ್ ಬರೆದಿಟ್ಟಿದ್ದಾನೆ. ಹರೆಯಕ್ಕೆ ಕಾಲಿಟ್ಟ ಹರ್ಕ್ಯುಲಿಸ್ ಬದುಕಿನಲ್ಲಿ ಯಾವ ದಾರಿ ಹಿಡಿಯಲಿ ಎಂದು ಒಬ್ಬನೇ ಕುಳಿತು ಯೋಚಿಸುತ್ತಿದ್ದಾಗ ಇಬ್ಬರು ಹೆಂಗಸರು ಬರುತ್ತಾರೆ. ಒಬ್ಬಳು ಬಿಳಿ ಬಟ್ಟೆಯವಳು, ತಗ್ಗಿದ ನೋಟದವಳು. ಇನ್ನೊಬ್ಬಳು ಮುಖಕ್ಕೆ ಬಣ್ಣ ಬಳಿದುಕೊಂಡವಳು. ಅವಳ ಹೆಸರು ಕೇಳಿದಾಗ, ಗೆಳೆಯರು ತನ್ನನ್ನು ಸುಖವೆಂದು ಕರೆಯುತ್ತಾರೆ, ಆಗದವರು ದುರ್ಗುಣವೆನ್ನುತ್ತಾರೆ ಎಂದು ಉತ್ತರಿಸುತ್ತಾಳೆ. ಬಿಳಿ ಬಟ್ಟೆಯವಳ ದಾರಿ ಕಡಿದಾದದ್ದು, ಬಣ್ಣದವಳದು ಸಲೀಸಾದದ್ದು. ಹರ್ಕ್ಯುಲಿಸ್ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಈ ಕತೆಯನ್ನು ಅನ್ನಿಬಾಲೆ ಕರಾಚ್ಚಿ 1596ರಲ್ಲಿ ರೋಮಿನ ಫಾರ್ನೇಸೆ ಅರಮನೆಯ ಒಂದು ಕೋಣೆಗಾಗಿ ಬರೆದ. ಬರೆಸಿದವನು 17ರ ವಯಸ್ಸಿಗೇ ಕಾರ್ಡಿನಲ್ ಆಗಿದ್ದ ಒಡೊಆರ್ಡೊ ಫಾರ್ನೇಸೆ. ಚಿತ್ರ ಈಗ ನೇಪಲ್ಸ್ ನಗರದ ಕಪೊದಿಮೊಂತೆ ವಸ್ತುಸಂಗ್ರಹಾಲಯದಲ್ಲಿದೆ. ನಡುವೆ ಹರ್ಕ್ಯುಲಿಸ್ ಕುಳಿತಿದ್ದಾನೆ. ಒಂದು ಬದಿಯಲ್ಲಿ ಸದ್ಗುಣವು ಅಂಕುಡೊಂಕಾದ ಬೆಟ್ಟದ ಹಾದಿಯನ್ನು ತೋರಿಸುತ್ತಿದೆ. ಆ ಹಾದಿಯ ತುದಿಯಲ್ಲಿ ರೆಕ್ಕೆಯ ಕುದುರೆ ನಿಂತಿದೆ. ಇನ್ನೊಂದು ಬದಿಯಲ್ಲಿ ತೆಳು ಬಟ್ಟೆಯ ವಿಲಾಸಿನಿ, ಅವಳ ಬಳಿ ಇಸ್ಪೀಟೆಲೆ, ಸಂಗೀತ ವಾದ್ಯ ಮತ್ತು ಮುಖವಾಡಗಳು. ಯುವ ಕಾರ್ಡಿನಲನಿಗೆ ಇದು ಉಪದೇಶ. ಆದರೆ ಉಪದೇಶ ಕೇಳುವವನ ಕಣ್ಣಿಗೆ ಹಬ್ಬವಾಗುವಂತೆ ಚಿತ್ರಕಾರ ವಿಲಾಸಿನಿಯ ಮೈಯನ್ನು ಎಷ್ಟು ಆಸ್ಥೆಯಿಂದ ಬರೆದಿದ್ದಾನೆ ಎಂಬುದನ್ನೂ ಗಮನಿಸಬೇಕು. ಯಾವುದನ್ನು ನೋಡಬೇಡ ಎನ್ನಬೇಕಿತ್ತೋ ಅದನ್ನೇ ನೋಡಲು ಕೊಟ್ಟಂತಾಗಿದೆ.

ವೆನಿಸ್ಸಿನ ಪಾವೊಲೊ ವೆರೊನೇಸೆ ಸುಮಾರು 1565ರಲ್ಲಿ ಇದೇ ವಸ್ತುವಿನ ಮೇಲೆ ಬರೆದ ಚಿತ್ರ ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿದೆ. ಅದರಲ್ಲಿ ಬಿಳಿ ರೇಷ್ಮೆಯ ಉಡುಪು ತೊಟ್ಟ ಸಿರಿವಂತ ಯುವಕನೊಬ್ಬ ಸದ್ಗುಣದ ತೋಳುಗಳಿಗೆ ಓಡಿ ಬೀಳುತ್ತಿದ್ದಾನೆ. ಹಿಂದೆ ಕುಳಿತ ದುರ್ಗುಣಕ್ಕೆ ಪ್ರಾಣಿಗಳಂಥ ಚೂಪು ಉಗುರುಗಳಿವೆ. ಅವು ಯುವಕನ ಕಾಲುಚೀಲವನ್ನು ಹರಿದುಹಾಕಿವೆ. ಅವಳ ಪಕ್ಕದಲ್ಲೇ ಒಂದು ಚೂರಿಯೂ ಇದೆ. ನೋಡಿದವರು ಯುವಕನಿಗಾಗಿ ಮರುಗಬೇಕು. ಪಾಪ, ಹೇಗೋ ತಪ್ಪಿಸಿಕೊಂಡು ಬಂದ! ಆದರೆ ಅವನು ಅವಳ ಬಳಿ ಹೋದದ್ದಾದರೂ ಯಾಕೆ ಎಂದು ಚಿತ್ರ ಕೇಳುವುದಿಲ್ಲ. ಇಸ್ಪೀಟಾಟಕ್ಕೆ ಇಬ್ಬರು ಬೇಕು, ಗುರುತು ಮಾತ್ರ ಒಬ್ಬಳ ಮೈಮೇಲೆ ಉಳಿದಿದೆ.

ಎಲ್ಲರೂ ಹೀಗೆಯೇ ಬರೆದರೆಂದಲ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ರಫೇಲ್ ಸುಮಾರು 1504ರಲ್ಲಿ ಬರೆದ, ಅಂಗೈಗಿಂತ ತುಸುವೇ ದೊಡ್ಡದಾದ ಒಂದು ಚಿತ್ರವಿದೆ. ಮರದಡಿಯಲ್ಲಿ ಯುವ ಯೋಧ ಮಲಗಿ ಕನಸು ಕಾಣುತ್ತಿದ್ದಾನೆ. ಒಬ್ಬಳು ಅವನಿಗೆ ಖಡ್ಗ ಮತ್ತು ಪುಸ್ತಕ ನೀಡುತ್ತಾಳೆ, ಇನ್ನೊಬ್ಬಳು ಹೂವನ್ನು. ಇಬ್ಬರಲ್ಲಿ ಯಾರ ಮುಖದಲ್ಲೂ ಕೆಡುಕಿಲ್ಲ. ಶೌರ್ಯ, ಜ್ಞಾನ, ಪ್ರೀತಿ ಮೂರೂ ಬಾಳಿಗೆ ಬೇಕೆಂದು ಈ ಚಿತ್ರ ಹೇಳುತ್ತದೆ ಎಂದು ಹಲವು ವಿದ್ವಾಂಸರು ಅರ್ಥ ಮಾಡಿದ್ದಾರೆ. ಆದರೆ ಇಲ್ಲಿಯೂ ಒಂದು ವಿಷಯ ಬದಲಾಗಿಲ್ಲ. ಆರಿಸಿಕೊಳ್ಳುವವನು ಗಂಡು, ಆಯ್ಕೆಯ ವಸ್ತುಗಳು ಹೆಣ್ಣು.

ಒಳಿತು ಕೆಡುಕು ಎರಡಕ್ಕೂ ಹೆಣ್ಣಿನ ರೂಪವೇ ಏಕೆ? ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ವ್ಯಾಕರಣದ್ದು. ಲ್ಯಾಟಿನ್ ಮತ್ತು ಇಟಾಲಿಯನ್ ಭಾಷೆಗಳಲ್ಲಿ ಭಾವನಾಮಗಳು ಬಹುಮಟ್ಟಿಗೆ ಸ್ತ್ರೀಲಿಂಗ. ಸದ್ಗುಣ ಎಂಬರ್ಥದ ‘ವಿರ್ತುಸ್’ ಕೂಡ ಸ್ತ್ರೀಲಿಂಗವೇ. ಸ್ವಾರಸ್ಯವೆಂದರೆ ಆ ಪದ ಹುಟ್ಟಿದ್ದು ಗಂಡಸು ಎಂಬರ್ಥದ ‘ವಿರ್’ನಿಂದ! ಕನ್ನಡದಲ್ಲಿ ಈ ತೊಡಕಿಲ್ಲ. ನಮಗೆ ದಯೆಯೂ ‘ಅದು’, ಲೋಭವೂ ‘ಅದು’. ಅರಬ್ಬಿಯಲ್ಲಿ ‘ನಫ್ಸ್’ ಸ್ತ್ರೀಲಿಂಗ. ಅದೇ ಪದ ಉರ್ದುವಿಗೆ ಬಂದಾಗ ಪುಲ್ಲಿಂಗವಾಯಿತು. ಹಾಗೆಂದು ಅರಬರ ಮನಸ್ಸು ಹೆಣ್ಣಾಗಲಿಲ್ಲ, ಉರ್ದು ಮಾತನಾಡುವವರ ಮನಸ್ಸು ಗಂಡಾಗಲಿಲ್ಲ. ವ್ಯಾಕರಣವು ದುರ್ಗುಣಕ್ಕೆ ಹೆಣ್ಣಿನ ರೂಪವನ್ನು ಕೊಟ್ಟಿರಬಹುದು. ಆ ರೂಪಕ್ಕೆ ತೆಳು ಬಟ್ಟೆ ಉಡಿಸಿದ್ದು, ಚೂಪು ಉಗುರು ಬೆಳೆಸಿದ್ದು, ಅದರ ಎದುರು ಅಮಾಯಕ ಯುವಕನನ್ನು ನಿಲ್ಲಿಸಿದ್ದು ವ್ಯಾಕರಣವಲ್ಲ.

ಇದಕ್ಕೆ ಇನ್ನೂ ದೊಡ್ಡ ಸಾಕ್ಷಿ ಆದಿ ದಂಪತಿಗಳ ಚಿತ್ರಗಳಲ್ಲಿ ಸಿಗುತ್ತದೆ. ಬೈಬಲಿನ ಆದಿಕಾಂಡದಲ್ಲಿ ಹವ್ವಳನ್ನು ಪ್ರಲೋಭಿಸುವುದು ಒಂದು ಸರ್ಪ. ಅದು ಹೆಣ್ಣೆಂದು ಅಲ್ಲಿ ಹೇಳಿಲ್ಲ. ಆದರೆ ಫ್ಲಾರೆನ್ಸಿನ ಬ್ರಾಂಕಾಚ್ಚಿ ಪ್ರಾರ್ಥನಾಲಯದಲ್ಲಿ 1420ರ ದಶಕದಲ್ಲಿ ಮಸೊಲಿನೊ ಬರೆದ ಚಿತ್ರದಲ್ಲಿ ಸರ್ಪಕ್ಕೆ ಚೆಲುವೆಯೊಬ್ಬಳ ತಲೆಯಿದೆ. ಆ ಮುಖಕ್ಕೂ ಪಕ್ಕದಲ್ಲಿ ನಿಂತ ಹವ್ವಳ ಮುಖಕ್ಕೂ ಅಕ್ಕತಂಗಿಯರ ಹೋಲಿಕೆ. 1508ರಿಂದ 1512ರವರೆಗೆ ಮೈಕೆಲೆಂಜೆಲೊ ಸಿಸ್ಟೈನ್ ಪ್ರಾರ್ಥನಾಲಯದ ಒಳಛಾವಣಿಯಲ್ಲಿ ಬರೆದ ಚಿತ್ರದಲ್ಲೂ ಮರಕ್ಕೆ ಸುತ್ತಿಕೊಂಡ ಸರ್ಪಕ್ಕೆ ಹೆಣ್ಣಿನ ಮುಂಡವಿದೆ. ಧರ್ಮಗ್ರಂಥ ಹೇಳದೇ ಇದ್ದದ್ದನ್ನು ಕುಂಚ ಹೇಳಿತು. ಕೆಡುಕು ಹೆಣ್ಣು, ಅದಕ್ಕೆ ಮೊದಲು ಬಲಿಯಾದವಳೂ ಹೆಣ್ಣು, ಗಂಡನ್ನು ಕೆಡಿಸಿದವಳೂ ಹೆಣ್ಣು ಎಂದಾಯಿತು.

ಕುರ್‌ಆನಿನಲ್ಲಿ ಈ ಪ್ರಸಂಗ ಬೇರೆ ರೀತಿಯಲ್ಲಿದೆ. ಅಲ್ಲಿ ಸರ್ಪವಿಲ್ಲ. 7ನೇ ಅಧ್ಯಾಯದ ಪ್ರಕಾರ ಶೈತಾನನು ಇಬ್ಬರ ಮನಸ್ಸಿನಲ್ಲೂ ಪಿಸುಗುಟ್ಟುತ್ತಾನೆ, ಇಬ್ಬರೂ ಜಾರುತ್ತಾರೆ, ಇಬ್ಬರೂ ಒಟ್ಟಿಗೆ ಕ್ಷಮೆ ಬೇಡುತ್ತಾರೆ. 20ನೇ ಅಧ್ಯಾಯವಾದ ತಾಹಾದಲ್ಲಂತೂ ಪಿಸುಮಾತಿಗೆ ಕಿವಿಗೊಟ್ಟವರಾಗಿ ಹೆಸರಿಸಿರುವುದು ಹಜರತ್ ಆದಮರನ್ನೇ. ಇದನ್ನು ಹೇಳಿ ನಾವು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಏಕೆಂದರೆ ಗ್ರಂಥದಲ್ಲಿ ಇಲ್ಲದ ಸರ್ಪ, ಅದರ ಜೊತೆಗೆ ನವಿಲು, ಗಂಡನನ್ನು ಪುಸಲಾಯಿಸುವ ಹವ್ವ ಎಲ್ಲವೂ ‘ಕಿಸಸುಲ್ ಅಂಬಿಯಾ’ದಂಥ ಪ್ರವಾದಿ ಕಥೆಗಳ ಸಂಕಲನಗಳ ಮೂಲಕ ನಮ್ಮ ಮನೆಗಳಿಗೂ ಬಂದಿವೆ. ಯುರೋಪಿನವರು ಗೋಡೆಯ ಮೇಲೆ ಬರೆದುಕೊಂಡದ್ದನ್ನು ನಾವು ಕತೆಯಲ್ಲಿ ಬರೆದುಕೊಂಡೆವು.

ಹಜರತ್ ಯೂಸುಫರ ವೃತ್ತಾಂತವನ್ನೂ ನಾವು ಬಹಳ ಸಲ ಹಾಗೆಯೇ ಹೇಳುತ್ತೇವೆ. ಮೋಹಿಸಿದ ಹೆಂಗಸು, ಮೋಹಕ್ಕೆ ಒಳಗಾಗದ ಪುರುಷ ಎಂದು. ಆದರೆ ಕುರ್‌ಆನ್ ಹೇಳುವ ರೀತಿ ಅಷ್ಟು ಸರಳವಲ್ಲ. ತನ್ನ ಪ್ರಭುವಿನ ಪುರಾವೆಯನ್ನು ಕಾಣದಿರುತ್ತಿದ್ದರೆ ಯೂಸುಫರ ಮನಸ್ಸೂ ವಾಲುತ್ತಿತ್ತು ಎಂದು ಅದು ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ನಫ್ಸ್ ಕೆಡುಕಿಗೆ ಪ್ರೇರಿಸುತ್ತದೆ, ತನ್ನನ್ನು ತಾನು ನಿರ್ದೋಷಿ ಎನ್ನಲಾರೆ ಎಂಬ ಪ್ರಸಿದ್ಧ ಮಾತು ಬರುವುದೂ ಅದೇ ಅಧ್ಯಾಯದಲ್ಲಿ. ಆ ಮಾತನ್ನು ಆಡಿದವರು ಯೂಸುಫರೆಂದು ಕೆಲವು ವ್ಯಾಖ್ಯಾನಕಾರರು, ಅಝೀಝನ ಪತ್ನಿಯೆಂದು ಇನ್ನು ಕೆಲವರು. ಮಾತು ಇಬ್ಬರ ಬಾಯಿಗೂ ಒಪ್ಪುತ್ತದೆ. ನಫ್ಸ್‌ನ ವಿಷಯದಲ್ಲಿ ಪ್ರವಾದಿಗೂ ಅರಮನೆಯ ಹೆಣ್ಣಿಗೂ ಒಂದೇ ಪರೀಕ್ಷೆ.

ಪ್ರಲೋಭನೆಗೆ ಹೆಣ್ಣಿನ ರೂಪ ಕೊಟ್ಟದ್ದರಲ್ಲಿ ಕನ್ನಡ ಕಾವ್ಯವೂ ಹಿಂದೆ ಬಿದ್ದಿಲ್ಲ. 15ನೇ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮನನ್ನು ಗೆಲ್ಲಲು ಬರುವವಳು ಮಾಯೆ. ಆದರೆ ಅವಳು ಹುಟ್ಟಿದ್ದು ಯಾರ ಮನೆಯಲ್ಲಿ? ಬನವಾಸಿಯ ಮಮಕಾರ ರಾಜನ ಮನೆಯಲ್ಲಿ. ‘ನನ್ನದು’ ಎಂಬ ಭಾವವೇ ಮಾಯೆಯ ತಂದೆ ಎಂದು ಕವಿ ಹೆಸರಿನಲ್ಲೇ ಸೂಚಿಸಿದ್ದಾನೆ. ಅಲ್ಲಮನ ವಚನವಂತೂ ಹೊನ್ನು, ಹೆಣ್ಣು, ಮಣ್ಣುಗಳ ಮೇಲಿನ ಆಪಾದನೆಯನ್ನೇ ತೆಗೆದುಹಾಕಿ ಅದನ್ನು ಬಯಸುವವನ ಮನಸ್ಸಿನ ಮೇಲೆ ಹೊರಿಸುತ್ತದೆ. ಇಷ್ಟು ನೇರವಾಗಿ ಹೇಳಿದ ಮಾತು ನಮ್ಮ ಭಾಷೆಯಲ್ಲಿದ್ದೂ ನಾವು ದಿನನಿತ್ಯ ಆಡುವುದು ಬೇರೆಯೇ.

ಪ್ರಲೋಭನೆಯನ್ನು ಮನುಷ್ಯನ ಒಳಗಡೆಯೇ ಹುಡುಕಿದ ಚಿತ್ರಕಾರರು ಯುರೋಪಿನಲ್ಲೂ ಇದ್ದರು. ಇಟಲಿಯ ಪಾದುವಾ ನಗರದಲ್ಲಿ ಎನ್ರಿಕೊ ಸ್ಕ್ರೊವೆಂಜಿ ಕಟ್ಟಿಸಿದ ಪ್ರಾರ್ಥನಾಲಯದ ಗೋಡೆಗಳಲ್ಲಿ ಜೊತ್ತೊ ಸುಮಾರು 1305ರಲ್ಲಿ ಏಳು ಸದ್ಗುಣಗಳನ್ನೂ ಅವುಗಳ ಎದುರಿಗೆ ಏಳು ದುರ್ಗುಣಗಳನ್ನೂ ಬೂದು ಬಣ್ಣದಲ್ಲಿ, ಕಲ್ಲಿನ ವಿಗ್ರಹಗಳೆಂದು ಭ್ರಮೆಯಾಗುವಂತೆ ಬರೆದ. ಅದರಲ್ಲಿ ಅಸೂಯೆ ಒಬ್ಬ ಮುದುಕಿ. ಇಲ್ಲಿಯೂ ಹೆಣ್ಣೇ, ನಿಜ. ಆದರೆ ಅವಳು ಯಾರನ್ನೂ ಕೆಡಿಸಲು ನಿಂತಿಲ್ಲ. ಒಂದು ಕೈಯಲ್ಲಿ ಹಣದ ಚೀಲ, ಇನ್ನೊಂದು ಕೈ ಮತ್ತಷ್ಟಕ್ಕೆ ಚಾಚಿದೆ, ಕಾಲಡಿಯಲ್ಲಿ ಬೆಂಕಿ. ಬಾಯಿಯಿಂದ ಹೊರಟ ಹಾವು ತಿರುಗಿ ಬಂದು ಅವಳ ಕಣ್ಣಿಗೇ ಕಚ್ಚಲು ಹೊರಟಿದೆ. ಅಸೂಯೆಯ ಸ್ವಭಾವ ಇಷ್ಟೇ ಅಲ್ಲವೇ? ನಮ್ಮ ಬಾಯಿಯಿಂದಲೇ ಹುಟ್ಟುತ್ತದೆ, ನಮ್ಮ ಕಣ್ಣನ್ನೇ ಕಳೆಯುತ್ತದೆ. ಇನ್ನು ಅನ್ಯಾಯವನ್ನು ಜೊತ್ತೊ ಗಂಡಸಾಗಿ ಬರೆದಿದ್ದಾನೆ. ಶಿಥಿಲವಾದ ಕೋಟೆ ಬಾಗಿಲಲ್ಲಿ ಅವನು ಕುಳಿತಿದ್ದಾನೆ. ಅವನ ಮುಂದೆ ಮರಗಳು ಬೆಳೆದುನಿಂತಿವೆ, ಎಂದರೆ ಅವನು ಅಲ್ಲಿ ಕುಳಿತು ವರ್ಷಗಳೇ ಕಳೆದಿವೆ. ಕೆಳಗೆ ದರೋಡೆ, ಕೊಲೆ, ಒಬ್ಬ ಹೆಂಗಸಿನ ಮೇಲೆ ಹಲ್ಲೆ ನಡೆದಿದೆ. ಅವನ ಮುಖ ಮಾತ್ರ ಅತ್ತ ತಿರುಗಿಲ್ಲ.

ಈ ಪ್ರಾರ್ಥನಾಲಯದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಎನ್ರಿಕೊನ ತಂದೆ ಬಡ್ಡಿ ವ್ಯವಹಾರಕ್ಕೆ ಹೆಸರಾದವನು. ದಾಂತೆ ತನ್ನ ಕಾವ್ಯದಲ್ಲಿ ಆತನನ್ನು ಬಡ್ಡಿಕೋರರ ನರಕದಲ್ಲೇ ಕೂರಿಸಿದ್ದಾನೆ. ತಂದೆಯ ಪಾಪ ಪರಿಹಾರಕ್ಕಾಗಿ ಮಗ ಈ ಪ್ರಾರ್ಥನಾಲಯ ಕಟ್ಟಿಸಿದನೆಂಬುದು ಬಹುಕಾಲದ ನಂಬಿಕೆ. ಅಲ್ಲಿನ ಏಳು ದುರ್ಗುಣಗಳೆಂದರೆ ಮೂರ್ಖತನ, ಚಂಚಲತೆ, ಕ್ರೋಧ, ಅನ್ಯಾಯ, ಅವಿಶ್ವಾಸ, ಅಸೂಯೆ ಮತ್ತು ಹತಾಶೆ. ಕ್ರೈಸ್ತರ ಏಳು ಮಹಾಪಾಪಗಳಲ್ಲಿ ಒಂದಾದ ಧನಲೋಭ ಈ ಪಟ್ಟಿಯಲ್ಲಿ ಪ್ರತ್ಯೇಕ ಆಕೃತಿಯಾಗಿ ಇಲ್ಲ! ಆದರೆ ಜೊತ್ತೊ ಅದನ್ನು ಮರೆತಿಲ್ಲ. ದಯೆಯ ಕಾಲಡಿಯಲ್ಲಿ ಹಣದ ಚೀಲಗಳನ್ನು ಬರೆದಿದ್ದಾನೆ, ಅಂತಿಮ ತೀರ್ಪಿನ ದೊಡ್ಡ ಚಿತ್ರದಲ್ಲಿ ಬಡ್ಡಿಕೋರರನ್ನು ಅವರ ಹಣದ ಚೀಲಗಳ ದಾರಕ್ಕೇ ನೇತುಹಾಕಿದ್ದಾನೆ. ದುರ್ಗುಣಗಳ ಪಟ್ಟಿ ಓದುವಾಗ ಅದರಲ್ಲಿ ಯಾವುದು ಇಲ್ಲ ಎಂಬುದನ್ನೂ ನೋಡಬೇಕು. ಪಟ್ಟಿ ಮಾಡುವವರು ತಮ್ಮ ಮನೆಯ ದುರ್ಗುಣಕ್ಕೆ ಕೊನೆಯ ಜಾಗ ಕೊಡುತ್ತಾರೆ.

ಸಿಯೆನಾ ನಗರದ ಆಡಳಿತಗಾರರು ಈ ವಿಷಯದಲ್ಲಿ ಹೆಚ್ಚು ಧೈರ್ಯ ತೋರಿದರು. 1338-39ರಲ್ಲಿ ಅಂಬ್ರೋಜಿಯೊ ಲೊರೆನ್ಸೆತ್ತಿ ಅವರ ಸಭಾಂಗಣದ ಗೋಡೆಗಳಲ್ಲೇ ಒಳ್ಳೆಯ ಮತ್ತು ಕೆಟ್ಟ ಆಡಳಿತದ ಚಿತ್ರಗಳನ್ನು ಬರೆದ. ಆಳುವ ಒಂಬತ್ತು ಮಂದಿ ಅವುಗಳ ನಡುವೆ ಕುಳಿತೇ ತೀರ್ಮಾನ ಮಾಡಬೇಕು. ಕೆಟ್ಟ ಆಡಳಿತದ ಗೋಡೆಯಲ್ಲಿ ಕೊಂಬು, ಕೋರೆಹಲ್ಲುಗಳ ದುರಾಡಳಿತಗಾರ ಕುಳಿತಿದ್ದಾನೆ. ಅವನ ತಲೆಯ ಮೇಲೆ ಧನಲೋಭ, ಅಹಂಕಾರ, ಪೊಳ್ಳು ಪ್ರತಿಷ್ಠೆ ಹಾರಾಡುತ್ತಿವೆ. ಕಾಲಬುಡದಲ್ಲಿ ನ್ಯಾಯವನ್ನು ಕಟ್ಟಿ ಕೆಡವಲಾಗಿದೆ. ಅವನ ಆಸ್ಥಾನದಲ್ಲಿ ಒಡಕು ಎಂಬ ಹೆಸರಿನ ಹೆಂಗಸೊಬ್ಬಳಿದ್ದಾಳೆ. ಕಪ್ಪು ಬಿಳುಪಿನ ಅವಳ ಉಡುಪಿನ ಮೇಲೆ ‘ಹೌದು’, ‘ಇಲ್ಲ’ ಎಂದು ಬರೆದಿದೆ. ಕೈಯಲ್ಲಿ ಗರಗಸವಿದೆ. ಅದರಿಂದ ಅವಳು ಕುಯ್ಯುತ್ತಿರುವುದು ತನ್ನ ದೇಹವನ್ನೇ. ಕಪ್ಪು ಬಿಳುಪು ಸಿಯೆನಾ ನಗರದ ಲಾಂಛನದ ಬಣ್ಣಗಳು. ಎದುರು ಗೋಡೆಯಲ್ಲಿ ಮನೆ ಕಟ್ಟುವವರು, ಅಂಗಡಿಯವರು, ಸಂತೆಗೆ ಹೊರಟ ರೈತರು ಇದ್ದಾರೆ. ಕೆಟ್ಟ ಆಡಳಿತದ ಊರಿನಲ್ಲಿ ಆಯುಧ ಮಾಡುವವನೊಬ್ಬನಿಗೆ ಮಾತ್ರ ಕೆಲಸವಿದೆ. ಒಂದು ಸಮಾಜದ ಮುಂದಿರುವ ಪ್ರಲೋಭನೆ ತೆಳು ಬಟ್ಟೆ ಉಟ್ಟು ಬರುವುದಿಲ್ಲ, ಗರಗಸ ಹಿಡಿದು ಬರುತ್ತದೆ ಎಂಬುದನ್ನು ಲೊರೆನ್ಸೆತ್ತಿ ಅರಿತಿದ್ದ.

ಬೊತ್ತಿಚೆಲ್ಲಿ 1490ರ ದಶಕದಲ್ಲಿ ಬರೆದ ‘ಅಪೆಲ್ಲೆಸನ ಚಾಡಿ’ ಎಂಬ ಚಿತ್ರ ಫ್ಲಾರೆನ್ಸಿನ ಉಫಿಜಿಯಲ್ಲಿದೆ. ಗ್ರೀಕ್ ಚಿತ್ರಕಾರ ಅಪೆಲ್ಲೆಸನ ಮೇಲೆ ಪ್ರತಿಸ್ಪರ್ಧಿಯೊಬ್ಬ ರಾಜನಲ್ಲಿ ಚಾಡಿ ಹೇಳಿದ್ದನಂತೆ. ಆ ನೋವಿನಲ್ಲಿ ಅಪೆಲ್ಲೆಸ್ ಬರೆದ ಚಿತ್ರದ ವರ್ಣನೆಯನ್ನು ಲೂಸಿಯನ್ ಎಂಬ ಲೇಖಕ ಬಿಟ್ಟುಹೋಗಿದ್ದಾನೆ. ಅದನ್ನು ಓದಿ ಬೊತ್ತಿಚೆಲ್ಲಿ ಹೊಸದಾಗಿ ಬರೆದ. ಸಿಂಹಾಸನದಲ್ಲಿರುವ ರಾಜನಿಗೆ ಕತ್ತೆಯ ಕಿವಿಗಳು. ಅಜ್ಞಾನ ಮತ್ತು ಸಂಶಯ ಎರಡೂ ಬದಿಯಲ್ಲಿ ನಿಂತು ಆ ಕಿವಿಗಳಲ್ಲಿ ಪಿಸುಗುಟ್ಟುತ್ತಿವೆ. ಚಾಡಿ ಎಂಬ ಚೆಲುವೆ ನಿರಪರಾಧಿಯೊಬ್ಬನನ್ನು ಕೂದಲು ಹಿಡಿದು ಎಳೆದುತರುತ್ತಿದ್ದಾಳೆ. ವಂಚನೆ ಮತ್ತು ಮೋಸ ಅವಳ ಜಡೆ ಸಿಂಗರಿಸುತ್ತಿವೆ. ದೂರದಲ್ಲಿ ಕಪ್ಪು ಬಟ್ಟೆಯ ಪಶ್ಚಾತ್ತಾಪ ತಿರುಗಿ ಸತ್ಯದ ಕಡೆ ನೋಡುತ್ತಿದೆ. ಸತ್ಯ ಒಂಟಿಯಾಗಿ, ಬೆತ್ತಲೆಯಾಗಿ ಆಕಾಶದತ್ತ ಬೆರಳು ತೋರಿಸುತ್ತ ನಿಂತಿದೆ.

ಇಲ್ಲಿ ಪ್ರಲೋಭನೆಗೆ ಒಳಗಾದವನು ಯಾರು? ಚಾಡಿಯ ಚೆಲುವಿಗೆ ರಾಜ ಮರುಳಾಗಿದ್ದಾನೆ ಎನ್ನುವಂತಿಲ್ಲ. ಅವನನ್ನು ಕೆಡಿಸಿದ್ದು ಅವನ ಕಿವಿ. ಪರೀಕ್ಷಿಸದೆ ನಂಬುವ ಸುಖ ಅವನಿಗೆ ಬೇಕಾಗಿದೆ. ಕುರ್‌ಆನಿನ ಕೊನೆಯ ಅಧ್ಯಾಯ ಜನರ ಎದೆಯಲ್ಲಿ ಪಿಸುಗುಟ್ಟುವವರಿಂದ ರಕ್ಷಣೆ ಬೇಡುತ್ತದೆ. ಪಿಸುಗುಟ್ಟುವವರಲ್ಲಿ ಜಿನ್ನ್‌ಗಳಷ್ಟೇ ಅಲ್ಲ, ಮನುಷ್ಯರೂ ಇದ್ದಾರೆಂದು ಎಚ್ಚರಿಸುತ್ತದೆ. ಅಲ್‌ಹುಜುರಾತ್ ಅಧ್ಯಾಯ ಅತಿಯಾದ ಸಂಶಯವನ್ನೂ ಪರನಿಂದೆಯನ್ನೂ ಒಟ್ಟಿಗೇ ಖಂಡಿಸುತ್ತದೆ. ಮೊಬೈಲಿನಲ್ಲಿ ಬಂದ ಸುದ್ದಿಯನ್ನು ವಿಚಾರಿಸದೆ ಹತ್ತು ಜನರಿಗೆ ದಾಟಿಸುವ ಪ್ರತಿಯೊಬ್ಬನ ತಲೆಯ ಮೇಲೂ ಬೊತ್ತಿಚೆಲ್ಲಿ ಬರೆದ ಆ ಕಿವಿಗಳು ಸರಿಯಾಗಿ ಕೂರುತ್ತವೆ. ಎಳೆದು ತರಲ್ಪಟ್ಟವನ ಜಾತಿ, ಧರ್ಮ ಯಾವುದೇ ಇರಲಿ, ಕತ್ತೆಕಿವಿಯ ರಾಜ ನಾವೇ ಆಗಿರುತ್ತೇವೆ.

ಇನ್ನು ಮುಖವನ್ನು ಎರವಲು ಕೊಟ್ಟವರ ಮಾತು. ಆರ್ತೆಮಿಸಿಯಾ ಜೆಂತಿಲೆಸ್ಕಿ 1593ರಲ್ಲಿ ರೋಮಿನಲ್ಲಿ ಹುಟ್ಟಿದ ಚಿತ್ರಕಾರ್ತಿ. 17ರ ಹರೆಯದಲ್ಲಿ, 1610ರಲ್ಲಿ, ಆಕೆ ‘ಸುಸಾನಾ ಮತ್ತು ಹಿರಿಯರು’ ಎಂಬ ಚಿತ್ರ ಬರೆದಳು. ಸ್ನಾನ ಮಾಡುತ್ತಿದ್ದ ಸುಸಾನಾಳನ್ನು ಊರಿನ ಇಬ್ಬರು ಹಿರಿಯರು ಕದ್ದು ನೋಡಿ, ತಮ್ಮ ಇಚ್ಛೆಗೆ ಒಪ್ಪದಿದ್ದರೆ ಅವಳ ಮೇಲೆಯೇ ವ್ಯಭಿಚಾರದ ಆರೋಪ ಹೊರಿಸುತ್ತೇವೆಂದು ಬೆದರಿಸಿದ ಹಳೆಯ ಕತೆ ಅದು. ಅನೇಕ ಗಂಡು ಚಿತ್ರಕಾರರು ಸುಸಾನಾಳ ಮೈಸಿರಿಯನ್ನು ತೋರಿಸಲು ಅದನ್ನು ಬಳಸಿಕೊಂಡಿದ್ದರು. ಆರ್ತೆಮಿಸಿಯಾಳ ಸುಸಾನಾ ಹೇಸಿಗೆಯಿಂದ ಮೈ ಹಿಂಡಿಕೊಂಡು, ಎರಡೂ ಕೈ ಅಡ್ಡ ಹಿಡಿದು ಮುಖ ತಿರುಗಿಸಿದ್ದಾಳೆ. ಹಿರಿಯರಿಬ್ಬರೂ ಕಟ್ಟೆಯ ಮೇಲಿಂದ ಬಾಗಿ ಪಿಸುಗುಟ್ಟುತ್ತಿದ್ದಾರೆ. ಪ್ರಲೋಭನೆ ಯಾರ ಎದೆಯಲ್ಲಿದೆ, ಅದರ ಭಾರ ಯಾರ ಮೇಲೆ ಬಿದ್ದಿದೆ ಎಂಬುದರಲ್ಲಿ ಅನುಮಾನವೇ ಉಳಿಯುವುದಿಲ್ಲ. ಮುಂದಿನ ವರ್ಷ ಆಕೆಯೇ ಅತ್ಯಾಚಾರಕ್ಕೆ ಒಳಗಾದಳು. 1612ರ ವಿಚಾರಣೆಯಲ್ಲಿ ಅವಳ ಮಾತು ನಿಜವೋ ಸುಳ್ಳೋ ಎಂದು ತಿಳಿಯಲು ಬೆರಳುಗಳಿಗೆ ಹಗ್ಗ ಬಿಗಿದು ಹಿಂಸಿಸಿದರು. ಅಪರಾಧ ಮಾಡಿದವನ ಬೆರಳುಗಳಿಗಲ್ಲ, ಅವಳ ಬೆರಳುಗಳಿಗೆ.

ಮುಂದೆ 1638-39ರ ಸುಮಾರಿಗೆ ಆಕೆ ಚಿತ್ರಕಲೆಯ ರೂಪಕವಾಗಿ ತನ್ನನ್ನೇ ಬರೆದುಕೊಂಡಳು. ಚೆಸಾರೆ ರಿಪಾ 1593ರಲ್ಲಿ ಪ್ರಕಟಿಸಿದ ರೂಪಕಗಳ ಕೈಪಿಡಿ ಆಗ ಚಿತ್ರಕಾರರಿಗೆ ನಿಘಂಟಿನಂತಿತ್ತು. ಅದರ ಪ್ರಕಾರ ಚಿತ್ರಕಲೆ ಎಂದರೆ ಕೊರಳಿನ ಚಿನ್ನದ ಸರದಲ್ಲಿ ಮುಖವಾಡ ತೂಗಿರುವ, ಬಾಯಿಗೆ ಬಟ್ಟೆ ಕಟ್ಟಿರುವ ಹೆಂಗಸು. ಚಿತ್ರ ಮಾತನಾಡುವುದಿಲ್ಲವಲ್ಲ, ಅದಕ್ಕೆ. ಆರ್ತೆಮಿಸಿಯಾ ಸರವನ್ನೂ ಮುಖವಾಡವನ್ನೂ ಉಳಿಸಿಕೊಂಡಳು, ಬಾಯಿಯ ಬಟ್ಟೆಯನ್ನು ಬಿಟ್ಟಳು.

ನಮ್ಮ ಭಾಷಣಗಳಲ್ಲಿ ‘ಫಿತ್ನಾ’ ಎಂಬ ಪದವನ್ನು ಎಷ್ಟು ಸಲೀಸಾಗಿ ಹೆಣ್ಣಿಗೆ ಅಂಟಿಸಲಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅರಬ್ಬಿಯಲ್ಲಿ ಅದರ ಮೂಲಾರ್ಥ ಚಿನ್ನವನ್ನು ಬೆಂಕಿಗಿಟ್ಟು ಪರೀಕ್ಷಿಸುವುದು. ಕುರ್‌ಆನ್ ಸಂಪತ್ತನ್ನೂ ಸಂತಾನವನ್ನೂ ಫಿತ್ನಾ ಎಂದಿದೆ. ಹಾಗೆಂದು ಯಾರೂ ತಮ್ಮ ಸಂಪತ್ತಿಗೆ ಬುರ್ಖಾ ತೊಡಿಸಿದ್ದನ್ನು ನಾವು ಕಂಡಿಲ್ಲ. ಅನ್ನೂರ್ ಅಧ್ಯಾಯದಲ್ಲಿ ದೃಷ್ಟಿ ತಗ್ಗಿಸುವ ಆಜ್ಞೆ ಮೊದಲು ಬಂದಿರುವುದು ಗಂಡಸರಿಗೆ, ಹೆಂಗಸರಿಗೆ ಅದರ ನಂತರ. ಆ ಕ್ರಮವನ್ನು ತಿರುಗಿಸಿ ಓದುವವರು ವೆರೊನೇಸೆಯ ಯುವಕನಂತೆ ಹರಿದ ಕಾಲುಚೀಲವನ್ನು ತೋರಿಸುತ್ತ ಅನುಕಂಪ ಬೇಡುತ್ತಾರೆ. ಅದು ಮುಸ್ಲಿಮರಿಗೆ ಮಾತ್ರ ಸೇರಿದ ರೋಗವೂ ಅಲ್ಲ. ಹೆಣ್ಣುಮಗಳೊಬ್ಬಳ ಮೇಲೆ ದೌರ್ಜನ್ಯ ನಡೆದಾಗ ಅವಳ ಉಡುಪು ಯಾವುದು, ಹೊತ್ತು ಎಷ್ಟಾಗಿತ್ತು ಎಂದು ಕೇಳುವವರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಬೆರಳಿಗೆ ಹಗ್ಗ ಬಿಗಿಯುವುದು ನಿಂತಿರಬಹುದು, ಆ ಪ್ರಶ್ನೆ ನಿಂತಿಲ್ಲ.

ರೂಪಕಗಳಿಲ್ಲದೆ ನೀತಿಯನ್ನು ಹೇಳುವುದು ಕಷ್ಟ, ಮಕ್ಕಳಿಗಂತೂ ಇನ್ನೂ ಕಷ್ಟ. ಆದ್ದರಿಂದ ರೂಪಕಗಳು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಒಂದು ರೂಪಕ ಕೆಡುಕಿನ ಹೊಣೆಯನ್ನು ಆರಿಸಿಕೊಳ್ಳುವವನಿಂದ ಕಿತ್ತು ಬೇರೊಬ್ಬರ ಮೈಮೇಲೆ ಹೊರಿಸುತ್ತದೆಯಾದರೆ ಅದು ನೀತಿಯ ಹೆಸರಿನಲ್ಲಿ ಅನೀತಿಯನ್ನೇ ಕಲಿಸುತ್ತದೆ. ಕರಾಚ್ಚಿಯ ಹರ್ಕ್ಯುಲಿಸ್ ನಮಗೆ ಎಡಕ್ಕೂ ಬಲಕ್ಕೂ ನೋಡಲು ಹೇಳುತ್ತಾನೆ. ಜೊತ್ತೊನ ಮುದುಕಿ ನಮ್ಮ ಬಾಯಿಯನ್ನು ನೋಡಿಕೊಳ್ಳಲು ಹೇಳುತ್ತಾಳೆ, ಬೊತ್ತಿಚೆಲ್ಲಿಯ ರಾಜ ಕಿವಿಯನ್ನು ಮುಟ್ಟಿ ನೋಡಿಕೊಳ್ಳಲು ಹೇಳುತ್ತಾನೆ. ನಮ್ಮ ಮಕ್ಕಳಿಗೆ, ಅದರಲ್ಲೂ ಗಂಡುಮಕ್ಕಳಿಗೆ, ಮೊದಲು ತೋರಿಸಬೇಕಾದದ್ದು ಈ ಎರಡನೆಯ ಬಗೆಯ ಚಿತ್ರಗಳನ್ನು.